ಒಂದು ಹೊಸ ಟ್ಯೂಬು, ಒಂದು ಹಳೆಯದು

"ಮೊದಲ ಚಪ್ಪಲ್ ಕೊಡ್ರಿ ಮೇಡಮ್, ರಬ್ಬರಿಂದು," ಎಂದ ಅಸದ್.

ಲಾಕಪ್ಪಿನಿಂದ ಅವನನ್ನು ಬರಿಗಾಲಲ್ಲಿ ಕರೆತಂದಿದ್ದೆವು. ಬಸವಕಲ್ಯಾಣದ ನಮ್ಮ ಠಾಣೆಯ ನೆಲಕ್ಕೆ ಹಾಸಿರುವುದು ಶಹಾಬಾದಿ ಫರಸಿ. ಆಗಷ್ಟೇ ಯಾರೋ ಒರೆಸಿ ಹೋಗಿದ್ದರು, ಇನ್ನೂ ಆರಿರಲಿಲ್ಲ. ಆ ಹಸಿ ಕಲ್ಲಿನ ಮೇಲೆ ನಿಂತು, ಮೇಜಿನ ಮೇಲಿದ್ದ ಆಂಪ್ಲಿಫೈಯರಿಗೆ ಕೈ ಹಾಕಲು ಅವನು ಸುತರಾಂ ಒಪ್ಪಲಿಲ್ಲ.

"ಮಂದೀನ ಕೊಲ್ಲಾಕ ಅಂಜಿಲ್ಲ, ನಿನ್ನ ಜೀವ ಮಾತ್ರ ಅಷ್ಟು ಪ್ಯಾರ ಏನೋ?" ಎಂದರು ಸರ್ಕಲ್ ಇನ್ಸ್‌ಪೆಕ್ಟರ್ ಅನೀಲಕುಮಾರ ಸಾಹೇಬರು, ಚಹಾದ ಗ್ಲಾಸು ಕೆಳಗಿಡದೆ.

ನಾನು ನನ್ನ ಹವಾಯಿ ಚಪ್ಪಲಿ ತಂದು ಅಸದನ ಕಾಲ ಮುಂದೆ ಹಾಕಿದೆ. ಸಾಹೇಬರ ಹುಬ್ಬು ಮೇಲೇರಿತು. ಏರಲಿ ಬಿಡಿ. ಈ ಠಾಣೆಗೆ ಸಬ್ ಇನ್ಸ್‌ಪೆಕ್ಟರಾಗಿ ಬಂದಾಗಿನಿಂದ "ವಿಜಯಶ್ರೀ, ಇದೇನಿದು" ಎನ್ನುವ ಆ ಹುಬ್ಬನ್ನು ನೋಡಿಯೇ ನನ್ನ ದಿನ ಶುರುವಾಗುತ್ತದೆ.

ಫಿರ್ಯಾದಿನಲ್ಲಿ ಇದ್ದದ್ದು ಇಷ್ಟೇ: ತನ್ನ ಗಿಟಾರ್ ಆಂಪ್ಲಿಫೈಯರಿನ ಟ್ಯೂಬು ತಾನೇ ಬದಲಿಸಲು ಕೂತ ಬಸವಕಿರಣ ಕರೆಂಟ್ ಹೊಡೆದು ಸತ್ತ; ಹೊಡೆಯುವ ಹಾಗೆ ಮೊದಲೇ ಹೂಡಿಟ್ಟವನು ಹುಮನಾಬಾದಿನಲ್ಲಿ ಸೌಂಡ್ ಸರ್ವಿಸ್ ಅಂಗಡಿ ಇಟ್ಟಿರುವ ಅಸದ್. ಫಿರ್ಯಾದು ಕೊಟ್ಟವರು ಕಿರಣನ ತಂದೆ, ಬಟ್ಟೆ ಅಂಗಡಿಯ ಬಸವಣಪ್ಪ. ಅಸದನನ್ನು ಕೋರ್ಟಿಗೆ ಒಯ್ಯುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಅವರು ಬೆಳಗಿನಿಂದ ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಕೂತಿದ್ದರು. ನೀರು ಕೊಟ್ಟರೂ ಕುಡಿದಿರಲಿಲ್ಲ.

ಊಟದ ಹೊತ್ತು ಮುಗಿದು ಕೋರ್ಟು ಮತ್ತೆ ಕೂರುವುದರೊಳಗೆ ನಾನು ಸಾಹೇಬರ ಮನಸ್ಸು ತಿರುಗಿಸಬೇಕು. ಇಲ್ಲದಿದ್ದರೆ ಅಸದ್ ಕೊಲೆಗಾರನಾಗಿ ಜೈಲಿಗೆ ಹೋಗುತ್ತಾನೆ. ಅವನು ಕೊಂದಿಲ್ಲ ಎಂದು ನನಗೆ ಬಲವಾಗಿ ಅನಿಸಿತ್ತು. ಆದರೆ ಸಬ್ ಇನ್ಸ್‌ಪೆಕ್ಟರಿಗೆ ಏನು ಅನಿಸಿತು ಎಂದು ಯಾವ ನ್ಯಾಯಾಧೀಶರೂ ಕೇಳುವುದಿಲ್ಲ.

"ಶುರು ಮಾಡು ಅಸದ್. ಟ್ಯೂಬ್ ಹ್ಯಾಂಗ ಬದ್ಲಿ ಮಾಡ್ತಾರ, ಮಾಡಿ ತೋರ್ಸು," ಎಂದೆ.

ಮೇಜಿನ ಮೇಲಿದ್ದದ್ದು ಕಿರಣನ ಆಂಪ್ಲಿಫೈಯರ್ ಅಲ್ಲ. ಅದು ಸೀಲಾಗಿ ಒಳಗಿದೆ. ಇದು ಅದೇ ಜಾತಿಯ ಇನ್ನೊಂದು, ಹುಮನಾಬಾದಿನ ಅವನ ಅಂಗಡಿಯಿಂದಲೇ ತರಿಸಿದ್ದು. ಹಳೆಯ ರೇಡಿಯೊದಲ್ಲಿ ಇರುತ್ತಿದ್ದಂಥ ಗಾಜಿನ ಟ್ಯೂಬುಗಳಿಂದ ನಡೆಯುವ ಯಂತ್ರ. ಈ ಕಾಲದಲ್ಲೂ ಗಿಟಾರಿನವರಿಗೆ ಅದರ ದನಿಯೇ ಬೇಕಂತೆ. ವಚನ ಹಾಡುವ ತನ್ನ ಮೇಳಕ್ಕೂ ಅದೇ ದನಿ ಬೇಕೆಂದು ಕಿರಣ ಹಟ ಹಿಡಿದು ತರಿಸಿಕೊಂಡಿದ್ದ.

ಅಸದ್ ಪೆಟ್ಟಿಗೆಯನ್ನು ತಿರುಗಿಸಿ ಅದರ ಬೆನ್ನು ನಮ್ಮ ಕಡೆ ಮಾಡಿದ.

"ಇದು ಬಂದ್ ಅದ. ಪ್ಲಗ್ ತಗದೀನಿ. ಆದ್ರೂ ಇದನ್ನ ನಂಬಬಾರ್ದ್ರಿ," ಎಂದ. "ಒಳಗ ಕಂಡೆನ್ಸರ್ ಅವ. ಕರೆಂಟ್ ತುಂಬಿ ಇಟ್ಕೋತಾವ. ಬಂದ್ ಮಾಡಿದ ಮ್ಯಾಲೂ ಮನಿಷ್ಯಾನ್ನ ಹೊಡದು ಕೆಡವ್ತಾವ."

"ಅದು ಖಾಲಿ ಆಗೂದಿಲ್ಲೇನು?" ಎಂದೆ.

"ಆಗ್ತದ್ರಿ. ಖಾಲಿ ಮಾಡಾಕ ಅಂತ ಒಂದು ರೆಸಿಸ್ಟರ್ ಕುಂದ್ರಿಸಿರ್ತಾರ. ಸ್ವಲ್ಪ ಹೊತ್ತು ಬಿಟ್ರ ತಾನೇ ಇಳೀತದ."

"ಅದರ ಕಾಲೇ ನೀ ಕತ್ತರಿಸೀದಿ," ಎಂದರು ಸಾಹೇಬರು.

ಅದೇ ಅವರ ತುರುಪಿನ ಎಲೆ. ಕಿರಣನ ಆಂಪ್ಲಿಫೈಯರಿನಲ್ಲಿ ಆ ರೆಸಿಸ್ಟರಿನ ತಂತಿಯನ್ನು ಯಾರೋ ಕಟ್ಟರಿನಿಂದ ತುಂಡು ಮಾಡಿದ್ದರು. ಆ ಯಂತ್ರ ಕೊನೆಯ ಸಲ ಸರ್ವಿಸಿಗೆ ಬಂದದ್ದು ಅಸದನ ಕೈಗೆ. ಅದಾದ ಮೇಲೆ ಹುಮನಾಬಾದಿನ ಬಜಾರಿನಲ್ಲಿ ಇಬ್ಬರಿಗೂ ಜೋರು ಜಗಳವಾಗಿತ್ತು. ಪ್ರತಿ ಸಲ ನೀನು ತಡ ಮಾಡುತ್ತೀ, ಇನ್ನು ಮೇಲೆ ನನ್ನ ಟ್ಯೂಬು ನಾನೇ ಬದಲಿಸಿಕೊಳ್ಳುತ್ತೇನೆ ಎಂದಿದ್ದ ಕಿರಣ. "ಮಾಡ್ಕೋ ಹೋಗು, ಮಾಡ್ಕೊಂಡು ಸಾಯಿ" ಎಂದಿದ್ದ ಅಸದ್. ಕೇಳಿಸಿಕೊಂಡವರು ಬಜಾರಿನ ತುಂಬ ಇದ್ದರು.

"ನಾ ಕತ್ತರಿಸಿಲ್ರಿ," ಎಂದ ಅಸದ್, ಎಷ್ಟನೆಯ ಸಲವೋ. ಅವನ ದನಿಯಲ್ಲಿ ಜೋರಿರಲಿಲ್ಲ.

"ಮುಂದ ಮಾಡು," ಎಂದೆ.

ಅವನು ಹಿಂಬದಿಯ ಹಲಗೆಯ ತಿರುಪುಗಳನ್ನು ಬಿಚ್ಚಿ ಹಲಗೆ ತೆಗೆದಿಟ್ಟ. ಮೇಲೆ ಮುಚ್ಚಿದ ಲೋಹದ ಡಬ್ಬಿ, ಚಾಸಿ; ತಂತಿ, ಕಂಡೆನ್ಸರುಗಳೆಲ್ಲ ಅದರೊಳಗೆ. ಅದರಿಂದ ಎರಡು ದೊಡ್ಡ ಟ್ಯೂಬು, ಮೂರು ಸಣ್ಣವು ತಲೆಕೆಳಗಾಗಿ ನೇತಾಡುತ್ತಿದ್ದವು. ಅವನು ಕೈಗೆ ಬಟ್ಟೆ ಸುತ್ತಿಕೊಂಡು ದೊಡ್ಡ ಟ್ಯೂಬಿನ ಬುಡ ಹಿಡಿದ.

"ಚಾಲೂ ಇದ್ದಾಗ ಇದು ಕೆಂಡ ಇರ್ತದ. ಆರಾಕ ಬಿಡಬೇಕು. ತಿರುವಬಾರ್ದು, ಸಣ್ಣಗ ಅಲುಗಾಡ್ಸಿ ನೆಟ್ಟಗ ಎಳೀಬೇಕು." ಟ್ಯೂಬು ಅವನ ಕೈಗೆ ಬಂತು. ಎರಡನೆಯದೂ ಬಂತು. "ಹೊಸಾದು ಹಾಕೂ ಮುಂದ ಈ ನಡುವಿನ ಗೂಟದ ಮ್ಯಾಲಿನ ಏಣು ಸಾಕೆಟ್ಟಿನ ಸೀಳಿನಾಗ ಕೂಡಬೇಕು. ಕೂಡ್ತು ಅಂದ್ರ ಒತ್ತೂದು. ಅಷ್ಟೇ."

"ಒಂದೇ ಬದ್ಲಿ ಮಾಡಿ ಚಾಲೂ ಮಾಡಿದ್ರ?" ಎಂದು ಕೇಳಿದೆ.

"ಯಾರೂ ಮಾಡೂದಿಲ್ರಿ. ದೊಡ್ಡವು ಎರಡೂ ಒಂದೇ ಜೋಡಿ ಇರಬೇಕು. ಒಂದು ಹೊಸಾದು ಒಂದು ಹಳೇದು ಇದ್ರ ಒಂದರ ಮ್ಯಾಲೇ ಭಾರ ಬಿದ್ದು ಕೆಂಪಗ ಆಗಿ ಸುಟ್ಟು ಹೋಗ್ತದ. ಕಿರಣಗ ಇದೆಲ್ಲಾ ನಾನೇ ಕಲಿಸೀನಿ. ಜಗಳಾಡಿಕೋತನೇ ಕಲಿಸೀನಿ."

ಸಾಹೇಬರು ಗ್ಲಾಸು ಕೆಳಗಿಟ್ಟರು. ಅವರು ದಡ್ಡರಲ್ಲ. ಅದೇ ನನಗೆ ಇದ್ದ ಒಂದು ಆಸೆ.

"ಆ ಮ್ಯಾಲಿನ ಡಬ್ಬಿ ಬಿಚ್ಚಲೇ ಇಲ್ಲಲ್ಲೋ ನೀ?" ಎಂದರು.

"ಟ್ಯೂಬ್ ಬದ್ಲಿ ಮಾಡಾಕ ಚಾಸಿ ಯಾಕ ಬಿಚ್ಚಬೇಕ್ರಿ?"

ನಾನು ಬಾಯಿ ಹಾಕಿದೆ.

"ಸರ್, ಕಿರಣ ಸತ್ತಾಗ ಚಾಸಿ ಬಿಚ್ಚಿ ಮೇಜಿನ ಮ್ಯಾಲ ಅಂಗಾತ ಇತ್ತು. ಕರೆಂಟ್ ಹೊಡದದ್ದು ಅದರ ಒಳಗಿಂದ."

"ಮುಂದ ಎಂದಾರ ಬಿಚ್ಚಬೇಕಾಗ್ತದಲ್ಲಾ?" ಎಂದು ಸಾಹೇಬರು ಅಸದನನ್ನೇ ಕೇಳಿದರು.

"ಹೌದ್ರಿ. ಎರಡೂ ಹೊಸಾವು ಹಾಕಿದ ಮ್ಯಾಲ, ಒಳಗ ಒಂದು ಸಣ್ಣ ತಿರುಪು ಇರ್ತದ, ಅದನ್ನ ತಿರುವಿ ಟ್ಯೂಬಿನ ಕರೆಂಟ್ ಹೊಂದಿಸಬೇಕು. ಆವಾಗ ಬಿಚ್ಚಬೇಕು."

"ಆದ್ರ ಸರ್, ಕಿರಣನ ಆಂಪ್ಲಿಫೈಯರಿನಾಗ ಒಂದು ಟ್ಯೂಬ್ ಹೊಸಾದು, ಒಂದು ಹಳೇದು," ಎಂದೆ. "ಅರ್ಧ ಕೆಲಸ ಆಗಿತ್ತು. ಆವಾಗ ಚಾಸಿ ಬಿಚ್ಚೂ ಕಾರಣನೇ ಇಲ್ಲ. ಕಿರಣ ಬಿಚ್ಚಿಲ್ಲ. ಇದು ಹ್ಯಾಂಗ ನಡೀತದ ಅಂತ ಗೊತ್ತಿಲ್ಲದವರು ಯಾರೋ ಬಿಚ್ಚ್ಯಾರ. ಟ್ಯೂಬ್ ಬದ್ಲಿ ಮಾಡಬೇಕಾದ್ರ ಎಲ್ಲಾ ಬಿಚ್ಚಬೇಕು ಅಂತ ತಿಳಕೊಂಡವರು. ಅಸದ್ ಆಗಿದ್ರ ಇಂಥಾ ತಪ್ಪು ಮಾಡ್ತಿದ್ನೇನ್ರಿ?"

ಸಾಹೇಬರು ಕುರ್ಚಿಯ ಹಿಂದಕ್ಕೆ ಒರಗಿದರು. ಒಪ್ಪಲಿಲ್ಲ, ಆದರೆ ಬಯ್ಯಲೂ ಇಲ್ಲ. ಅವರ ಮಟ್ಟಿಗೆ ಅದು ದೊಡ್ಡ ಮಾತು.

ನಾನು ಕವರಿನಿಂದ ಫೋಟೋ ತೆಗೆದೆ. ಠಾಣೆಯವರು ಮೊದಲು ಹೋದಾಗ ತೆಗೆದದ್ದು. ಬಸವಣಪ್ಪನವರ ಅಂಗಡಿಯ ಹಿಂದಿನ ಮಾಳಿಗೆ ಕೋಣೆ, ನೆಲದ ಮೇಲೆ ಅಂಗಾತ ಕಿರಣ, ಬಲಗೈ ಬೆರಳು ಸುಟ್ಟು ಕಪ್ಪು. ತಲೆಯ ಪಕ್ಕ ಬಿಚ್ಚಿ ಬಿದ್ದ ರುಮಾಲು. ಎದೆಯ ಮೇಲೆ, ಅಂಗಿಯ ಹೊರಗೆ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ಆ ಫೋಟೋವನ್ನು ಎಷ್ಟೋ ಸಲ ನೋಡಿದ್ದೆ. ಪ್ರತಿ ಸಲವೂ ನನ್ನ ಕೈ ನನ್ನ ಕೊರಳಿಗೇ ಹೋಗುತ್ತಿತ್ತು. ಅಲ್ಲಿಯೂ ಅಂಥದೇ ಒಂದು ಕರಡಿಗೆ ಇದೆ.

"ಕಿರಣ ಆಂಪ್ಲಿಫೈಯರ್ ಮುಟ್ಟೂ ಮುಂದ ಲಿಂಗದ ಕರಡಿಗಿ ಕೊರಳಾಗ ಇಟ್ಕೋತಿರಲಿಲ್ಲ ಸರ್. ಅವನ ಹೆಂಡ್ತಿ ಅಮೃತ ಹೇಳ್ಯಾಳ. ಬಗ್ಗಿ ಕೆಲಸ ಮಾಡುವಾಗ ಬೆಳ್ಳಿ ಜೋತಾಡಿ ತಂತಿಗಿ ತಗಲಬಾರ್ದು. ತಗದು ಗೂಟಕ್ಕ ಹಾಕಾಕ ಮನಸ್ಸಿಲ್ಲ, ಮೈಮ್ಯಾಲಿಂದ ಲಿಂಗ ಅಗಲಬಾರ್ದು ಅಂತ. ಅದಕ್ಕ ತಲಿ ಮ್ಯಾಲ ಇಟ್ಕೊಂಡು ರುಮಾಲ ಸುತ್ತಿ ಕಟ್ಕೋತಿದ್ದ."

ಲಿಂಗ ತಲೆಯ ಮೇಲೂ ಇರಬಹುದು, ಅದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇದೆ. ಸಾಹೇಬರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರೂ ಈ ಕಡೆಯವರೇ.

"ಅಂದ್ರ ಕೊರಳಿಗಿ ಬಂದದ್ದು ಆಮ್ಯಾಲ."

"ಹೌದ್ರಿ. ದಾರ ನೋಡ್ರಿ, ಕಾಲರಿನ ಮ್ಯಾಲಿಂದ ಬಂದದ. ತಾನೇ ಹಾಕ್ಕೊಂಡಿದ್ರ ಅಂಗಿ ಒಳಗಿರ್ತಿತ್ತು. ಬಿದ್ದಾವನಿಗಿ ಬ್ಯಾರೆಯವರು ಹಾಕ್ಯಾರ. ಕಿರಣ ಬಿದ್ದ, ರುಮಾಲ ಬಿಚ್ಚಿತು, ಕರಡಿಗಿ ನೆಲಕ್ಕ ಬಿತ್ತು. ಕೋಣ್ಯಾಗ ಇದ್ದಾವರು ಹೆಣಾ ಬಿಟ್ಟು ಹೋಗಾಕ ತಯಾರಿದ್ರು. ಆದ್ರ ಲಿಂಗ ನೆಲದಾಗ ಬಿಟ್ಟು ಹೋಗಾಕ ಅವರ ಕೈಲೆ ಆಗಲಿಲ್ಲ."

ಒಂದು ಜೀವ ಹೋಗುವುದನ್ನು ನೋಡಿಯೂ ಅಲುಗದವರು, ಲಿಂಗ ನೆಲ ಮುಟ್ಟಿದ್ದಕ್ಕೆ ಬಗ್ಗಿದ್ದಾರೆ. ಅಂಥವರು ಹೊರಗಿನವರಲ್ಲ, ನಮ್ಮವರೇ. ನಾಚಿಕೆಯಾಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಇದನ್ನು ಕಂಡುಹಿಡಿದದ್ದು ನಾನು ಎಂಬ ಹೆಮ್ಮೆಯೂ ಆಯಿತು. ಆ ಹೆಮ್ಮೆ ಸಾಹೇಬರು ಬಾಯಿ ತೆರೆಯುವವರೆಗೆ ಉಳಿಯಿತು.

"ಶಾಬಾಸ್ ವಿಜಯಶ್ರೀ," ಎಂದರು. "ಹಂಗಾದ್ರ ಮನಿಯವರೇ. ಬಸವಣಪ್ಪ ಅವತ್ತ ಹುಡಗಿ ಊರಾಗ, ಮಗಳನ್ನ ಕೊಟ್ಟ ಬೀಗರ ಮನ್ಯಾಗ ಇದ್ರು, ಬೀಗರು ಹೇಳ್ಯಾರ. ಉಳದಾಕಿ ಯಾರು? ಕೊಡಂಬಲದಾಗ ತವರುಮನಿಗಿ ಹೋಗಿದ್ದೆ, ಬಸ್ಸಿನಾಗ ಬರಾಕತ್ತಿದ್ದೆ ಅಂತಾಳ. ಬಸ್ಸಿನಾಗ ಆಕೀನ್ನ ನೋಡಿದಾವರು ಒಬ್ಬರೂ ಇಲ್ಲ."

"ಸರ್, ಅಮೃತ..."

"ಆಕಿ ಹೊರಗ ಕುಂತಾಳಲ್ಲಾ, ಒಳಗ ಕರೀರಿ. ಇವತ್ತ ಕೋರ್ಟಿಗಿ ಇವನ ಬದ್ಲಿ ಆಕಿ ಹೋಗ್ತಾಳ."

ಅಮೃತಳ ಹೊಟ್ಟೆಯಲ್ಲಿ ಕಿರಣನ ಕೂಸಿದೆ. ಅಸದನನ್ನು ಬಿಡಿಸಲು ನಾನು ಕಟ್ಟಿದ ಮಾತು ಆ ಹೆಣ್ಣುಮಗಳ ಕೊರಳಿಗೆ ಹೋಗಿ ಬಿದ್ದಿತ್ತು.

"ಆಕೀನ್ನ ಕರೀಬ್ಯಾಡ್ರಿ," ಎಂದ ಅಸದ್.

ಅವನ ಕೈಯಲ್ಲಿ ಇನ್ನೂ ಹಳೆಯ ಟ್ಯೂಬು ಇತ್ತು. ಅದನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟ.

"ಅದು ಅಮೃತ ಹಾಕಿದ್ದಲ್ಲ. ನಾ ಹಾಕೀನಿ."

"ಅಸದ್, ಸುಮ್ನಿರು," ಎಂದೆ. ಪೊಲೀಸಾಗಿ ಆರೋಪಿಗೆ ಸುಮ್ಮನಿರು ಎಂದದ್ದು ಅದೇ ಮೊದಲು.

"ಇಲ್ರಿ ಮೇಡಮ್. ನೀವು ಇಷ್ಟು ಹೇಳಿದ್ರಿ, ನಾ ಸುಮ್ನ ಕೇಳ್ಕೋತ ನಿಂತೆ. ಇನ್ನ ಆಗೂದಿಲ್ಲ." ಅವನು ಸಾಹೇಬರ ಕಡೆ ತಿರುಗಿದ. "ಅವತ್ತ ನಾ ಹುಮನಾಬಾದದಾಗ ಇರಲಿಲ್ರಿ. ಸಾಯಿ ಅಂತ ಅಂದಿದ್ದೆನಲ್ಲಾ, ಅದು ಮನಸ್ಸಿಗಿ ಹತ್ತಿತ್ತು. ಮಾಫಿ ಕೇಳಾಕ ಅಂತ ಬಂದೆ. ರಾಜೇಶ್ವರದಾಗ ಗಾಡಿ ನಿಲ್ಲಿಸಿ, ಅವನಿಗಿ ಸೇರ್ತಾವ ಅಂತ ಮಿರ್ಚಿ ಭಜಿ ಕಟ್ಟಿಸ್ಕೊಂಡೆ. ಮಾಳಿಗಿ ಬಾಗಲಾ ತೆರದಿತ್ತು. ಅಂವ ಬಿದ್ದಿದ್ದ."

"ಜೀವ ಇತ್ತೇನು?" ಎಂದರು ಸಾಹೇಬರು.

"ಇರಲಿಲ್ರಿ. ಕೈ ಮುಟ್ಟಿ ನೋಡೀನಿ, ಮೂಗಿನ ಹಂತ್ಯಾಕ ಹಿಡದು ನೋಡೀನಿ." ಅವನು ಮೇಜಿನ ಮೇಲಿನ ಫೋಟೋದ ಕಡೆ ಬೆರಳು ಮಾಡಿದ. "ಕರಡಿಗಿ ನೆಲದಾಗ ಇತ್ತು. ಸಣ್ಣಾವರಿದ್ದಾಗಿಂದ ಅವರ ಮನ್ಯಾಗ ಉಂಡು ಬೆಳದೀನಿ, ಅದು ನೆಲಕ್ಕ ಬೀಳಬಾರ್ದು ಅನ್ನೂದು ನನಗ ಗೊತ್ತಿಲ್ಲೇನ್ರಿ? ನಾ ಮುಟ್ಟಬಾರ್ದು ಅನ್ನೂದೂ ಗೊತ್ತದ. ದಸ್ತಿಯಿಂದ ಹಿಡದು ಎತ್ತೀನಿ. ಕೊರಳಾಗ ಹಾಕಿ ಬಂದೀನಿ."

"ಮಂದೀನ ಯಾಕ ಕರೀಲಿಲ್ಲ?"

"ಅಂಜಿದೆ. ಇಡೀ ಬಜಾರಕ್ಕ ನನ್ನ ಮಾತು ಗೊತ್ತಿತ್ತು."

ನಾನು ಕುರ್ಚಿ ಹಿಡಿದು ನಿಂತೆ. ನಮ್ಮವರಷ್ಟೇ ಬಗ್ಗುತ್ತಾರೆ ಎಂದು ನಾನು ಎಷ್ಟು ಚೆಂದ ವಾದಿಸಿದ್ದೆ! ಬಗ್ಗಿದವನು ಅಸದ್. ಗೆಳೆಯನ ದೇವರು ನೆಲದ ಮೇಲಿರಬಾರದೆಂದು ಕರವಸ್ತ್ರದಲ್ಲಿ ಹಿಡಿದು ಎತ್ತಿದವನು. ಆ ಒಳ್ಳೆಯತನವನ್ನೇ ನಾನು ಅವನ ವಿರುದ್ಧದ ಸಾಕ್ಷಿಯಾಗಿ ಮೇಜಿನ ಮೇಲೆ ತಂದಿಟ್ಟಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು.

"ಅಲ್ಲಿದ್ದೆ ಅಂತ ತಾನೇ ಬಾಯಿ ಬಿಟ್ಟ," ಎಂದು ಸಾಹೇಬರು ಎದ್ದರು. "ಚಾಸಿ ಅರ್ಧಕ್ಕೇ ಯಾಕ ಬಿಚ್ಚಿದ್ದ ಅನ್ನೂದು ಆಮ್ಯಾಲ ಕೇಳೋಣ. ಜೀಪ್ ತೆಗೀಲಿಕ್ಕೆ ಹೇಳ್ರಿ."

ಅವರು ಅವನನ್ನು ಕರೆದುಕೊಂಡು ಹೊರಡುವಾಗ ಅಸದ್ ನನ್ನ ಚಪ್ಪಲಿ ಬಿಚ್ಚಿ ಜೋಡಿಸಿಟ್ಟು ಬರಿಗಾಲಲ್ಲಿ ನಡೆದ. ನನಗೆ ಅದನ್ನು ನೋಡಲಾಗಲಿಲ್ಲ.

ಅವರು ದಾಟಿದ ಬಾಗಿಲಲ್ಲೇ ಅಮೃತ ನಿಂತಿದ್ದಳು. ಸಾಹೇಬರ ದನಿ ಗೋಡೆ ದಾಟುವಂಥದು, ಅವಳು ಎಲ್ಲ ಕೇಳಿದ್ದಳು. ಸೆರಗು ಬಿಗಿಹಿಡಿದು ಒಳಗೆ ಬಂದಳು.

"ಅಸದಣ್ಣಾ ಸುಳ್ಳ ಹೇಳೂದಿಲ್ರಿ ಅಕ್ಕಾರ," ಎಂದಳು. "ಅವರು ಎತ್ತ್ಯಾರಂದ್ರ ಎತ್ತೇ ಇರ್ತಾರ. ನನಗ ಒಂದ ಸಲ ಆ ಕರಡಿಗಿ ತೋರಸ್ರಿ. ಮನ್ಯಾಗ ಯಾರೂ ನನಗ ಏನೂ ತೋರಿಸಿಲ್ಲ. ನಾ ಊರಿಗಿ ಬರೂದ್ರಾಗ ಅವರಿಗಿ ವಿಭೂತಿ ಹಚ್ಚಿ ಕುಂದ್ರಿಸಿಬಿಟ್ಟಿದ್ರು. ಮಾರಿ ನೋಡೀನಿ, ಅಷ್ಟೇ."

ಮಣ್ಣು ಕೊಡುವಾಗ ಲಿಂಗವನ್ನು ಕರಡಿಗೆಯಿಂದ ತೆಗೆದು ಕಿರಣನ ಎಡ ಅಂಗೈಯಲ್ಲಿ ಇಟ್ಟು ಮುಚ್ಚಿದವರು ಬಸವಣಪ್ಪನವರೇ. ಬರಿದಾದ ಕರಡಿಗೆಯನ್ನು ದಾರದ ಸಮೇತ ನಾನು ಜಪ್ತಿ ಮಾಡಿದ್ದೆ. ಅದು ಕಿರಣನದೇ ಎಂದು ಗುರುತು ಹೇಳಿದವರೂ ಅವರೇ. ಬಸುರಿ ಹೆಂಗಸನ್ನು ಮತ್ತೆ ಅಳಿಸುವುದು ಬೇಡವೆಂದು ನಾನು ಅವಳಿಗೆ ತೋರಿಸಿರಲಿಲ್ಲ.

ಅಲಮಾರಿಯಿಂದ ಪೊಟ್ಟಣ ತೆಗೆದು, ಪ್ಲಾಸ್ಟಿಕ್ಕಿನ ಮೇಲಿಂದಲೇ ಅವಳ ಮುಂದೆ ಹಿಡಿದೆ.

ಅಮೃತ ಅಳಲಿಲ್ಲ. ಹತ್ತಿರ ಬಾಗಿದಳು. ಪೊಟ್ಟಣವನ್ನು ಬೆಳಕಿಗೆ ತಿರುಗಿಸಿ ಮುಚ್ಚಳದ ಕೀಲನ್ನೇ ನೋಡಿದಳು. ಅವಳ ಮುಖದ ಬಣ್ಣ ಇಳಿಯುವುದು ನನಗೆ ಕಂಡಿತು.

"ಇದು ಅವರದಲ್ಲ."

"ಏನಂದಿ?"

"ಇವರದು ಇದಲ್ರಿ. ನೋಡಾಕ ಹಂಗೇ ಅದ, ಇಬ್ಬರದೂ ಒಬ್ಬನೇ ಸರಾಫ ಮಾಡ್ಯಾನ. ಆದ್ರ ಈ ಕೀಲು ನೋಡ್ರಿ, ಹಿತ್ತಾಳಿದು. ಬೆಳ್ಳಿ ಕೀಲು ಮುರದಿತ್ತು, ನಾನೇ ಒಯ್ದು ಹಾಕ್ಸೀನಿ. ಶ್ರಾವಣದಾಗ ನಾನೇ ಹುಣಚಿಹಣ್ಣು ಹಚ್ಚಿ ತಿಕ್ಕೀನಿ." ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಇದು ಮಾವನೋರದು."

ನಾನು ಪೊಟ್ಟಣ ಹಿಡಿದ ಕೈಯನ್ನು ಮೇಜಿಗೆ ಊರಿದೆ. ಹುಡಗಿ ಊರಿನ ಬೀಗರ ಮನೆಯಲ್ಲಿ ಇದ್ದರೆನ್ನುವವರ ಕರಡಿಗೆ ಕಲ್ಯಾಣದ ಮಾಳಿಗೆಯ ನೆಲದ ಮೇಲೆ ಬಿದ್ದಿತ್ತು. ಅಸದ್ ಅದನ್ನು ಗೆಳೆಯನದೆಂದು ತಿಳಿದು ಎತ್ತಿ ಕಿರಣನ ಕೊರಳಿಗೆ ಹಾಕಿದ. ಮಣ್ಣು ಕೊಡುವಾಗ ಬಸವಣಪ್ಪ ತಮ್ಮದೇ ಲಿಂಗವನ್ನು ಕಂಡರು, ಗುರುತು ಹಿಡಿದರು, ಮಗನ ಕೈಯಲ್ಲಿಟ್ಟು ಮುಚ್ಚಿದರು. ಒಂದು ಮಾತೂ ಆಡಲಿಲ್ಲ.

"ನಿಮ್ಮ ಮಾವನೋರು ಲಿಂಗಪೂಜಾ ಬಿಟ್ಟಾರೇನು?"

"ಎಲ್ಲೀದ್ರಿ. ಇವತ್ತ ಮುಂಜಾನೇನೂ ಮಾಡ್ಕೊಂಡಾರ. ಅಂಗೈಯಾಗ ಲಿಂಗ ಇಟ್ಕೊಂಡು ಕುಂತಿದ್ದು ನಾ ನೋಡೀನಿ." ಅಷ್ಟು ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ಗೋಡೆಗೆ ಒರಗಿ ಕೆಳಗೆ ಕೂತಳು. "ಅಕ್ಕಾರ, ಅದು ಯಾರದು? ಅವರ ಕೈಯಾಗ ಇರೂದು ಇವರದೇನು?"

ಅಂಗಳದಲ್ಲಿ ಜೀಪು ಶುರುವಾದ ಸದ್ದು ಕೇಳಿತು. ನಾನು ಓಡಿದೆ.

ಜೀಪಿನ ಹಿಂದಿನ ಸೀಟಿನಲ್ಲಿ ಅಸದ್ ತಲೆ ತಗ್ಗಿಸಿ ಕೂತಿದ್ದ. ಸಾಹೇಬರು ಮುಂದೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಕೈ ಮಾಡಿ ನಿಲ್ಲಿಸಿದೆ. ಆಮೇಲೆ ಬೇವಿನ ಮರದ ಕಡೆಗೆ ನಡೆದೆ. ಅವರ ಕೊರಳಲ್ಲಿ ಇರುವುದು ಕಿರಣನ ಕರಡಿಗೆಯೇ ಎಂದು ಮೊದಲು ಒಂದು ಸಲ ಕಣ್ಣಾರೆ ನೋಡಬೇಕು. ನೋಡಿದೆ ಎಂದರೆ ಸಾಕು, ಅಸದನನ್ನು ಈ ಜೀಪಿನಿಂದ ನಾನೇ ಇಳಿಸಿಕೊಳ್ಳುತ್ತೇನೆ.

ಬಸವಣಪ್ಪ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಆ ಬಿಸಿಲಿನಲ್ಲೂ ಕೊರಳ ಗುಂಡಿ ಹಾಕಿದ್ದರು.

"ಕಾಕಾ, ನಿಮ್ಮ ಕೊರಳಾಗಿನ ಕರಡಿಗಿ ತೋರಸ್ರಿ."

ಅವರು ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದರು. ಹಿತ್ತಾಳೆ ಕೀಲು ನೋಡಿದರು. ಗಾಬರಿಯಾಗುತ್ತಾರೆ, ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಬಹಳ ದಣಿದವರ ಹಾಗೆ ಒಮ್ಮೆ ಉಸಿರು ಬಿಟ್ಟರು.

"ಅಮೃತ ಗುರ್ತ ಹಿಡದ್ಳೇನು?"

"ಹಿಡದಾಳ."

"ನಾ ತೋರ್ಸಿದ್ರ ಅಸದನ್ನ ಬಿಡ್ತೀಯೇನು ತಂಗಿ?"

"ಬಿಡಬೇಕಾಗ್ತದ ಕಾಕಾ. ಈಗೇ ಜೀಪಿನಿಂದ ಇಳಸ್ತೀನಿ."

ಬಸವಣಪ್ಪ ಕೊರಳ ಗುಂಡಿಯ ಮೇಲೆ ಅಂಗೈ ಇಟ್ಟು ಅದುಮಿ ಹಿಡಿದರು. ಅವರ ಕಣ್ಣು ನನ್ನನ್ನು ದಾಟಿ ರಸ್ತೆಯ ಆಚೆಗೆ ಹೋಯಿತು. ಅಲ್ಲಿ ಚಹಾದಂಗಡಿ, ನಿಂತ ಎರಡು ಗಾಡಿ, ಓಡಾಡುವ ಮಂದಿ. ಅವರು ಯಾರನ್ನು ನೋಡಿದರೋ ನನಗೆ ತಿಳಿಯಲಿಲ್ಲ. ಆದರೆ ನೋಡಿದ ಕೂಡಲೇ ಮರದ ಮರೆಗೆ ಸರಿದು ದನಿ ಇಳಿಸಿದರು.

"ಹಂಗಾದ್ರ ತೋರ್ಸೂದಿಲ್ಲ," ಎಂದರು. "ಹೊಟ್ಟ್ಯಾಗ ಹುಟ್ಟಿದ ಮಗನ್ನ ನನ್ನ ಕಣ್ಣ ಮುಂದೇ ಕೊಂದ್ರು, ಉಳಸ್ಕೊಳ್ಳಾಕ ಆಗಲಿಲ್ಲ. ಇಂವ ನನ್ನ ಮನ್ಯಾಗ ಉಂಡು ಬೆಳದಾಂವ. ಸುಳ್ಳ ಫಿರ್ಯಾದ ಯಾಕ ಕೊಟ್ಟೀನಿ ಅಂತ ಕೇಳಬ್ಯಾಡ, ಜೀಪ್ ಹೋಗಾಕ ಹೇಳು. ಅಂವ ಜೇಲಿನೊಳಗ ಇರೂತನಾ ಅಷ್ಟೇ ಜೀವಂತ ಇರ್ತಾನ."